ಗೊರಬಲು ಬೇರೆ, ಸರಕು ಬೇರೆ

ಓದುಗರ ಪತ್ರ: “ನಮ್ಮೂರಿನ ಸಹಕಾರ ಸಂಘಕ್ಕೆ ಈಚೆಗೆ ಅಧ್ಯಕ್ಷನಾದೆ. ಆವತ್ತಿನಿಂದ ನಾಯಕತ್ವ, ಮಾಧ್ಯಮ, ಸಂಸ್ಥೆಯ ಹೆಸರು ಉಳಿಸಿಕೊಳ್ಳುವ ಬಗೆ ಎಂದೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲೇಖನಗಳು ಬರುತ್ತಲೇ ಇವೆ. ದಿನಕ್ಕೆ ಇಪ್ಪತ್ತು ಬಂದರೆ ಎರಡು ಓದುತ್ತೇನೆ, ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಓದದಿದ್ದರೆ ಹಿಂದೆ ಬಿದ್ದೆನೇನೋ ಎಂಬ ಅಳುಕು. ಏನು ಓದಬೇಕು, ಎಷ್ಟು ಓದಬೇಕು, ತಿಳಿಸಿ. — ಹೊಸನಗರ ತಾಲ್ಲೂಕಿನ ಓದುಗರು”

ಮಾನ್ಯರೇ,

ನಿಮಗೆ ಓದು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಶಿವಮೊಗ್ಗದ ಮಂಡಿಯಲ್ಲಿ ಮೇಲ್ದರ್ಜೆಯ ಸರಕಿನಿಂದ ಹಿಡಿದು ಬೆಟ್ಟೆ, ರಾಶಿ, ಕೆಳದರ್ಜೆಯ ಗೊರಬಲಿನವರೆಗೆ ಬೇರೆ ಮಾಡದೆ ಯಾರೂ ಅಡಿಕೆಗೆ ದರ ಕಟ್ಟುವುದಿಲ್ಲ. ಓದಿನಲ್ಲಿ ಮಾತ್ರ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದುಕೊಂಡು, ಚೀಲ ಭಾರವಾಯಿತು ಎನ್ನುತ್ತೇವೆ.

ಬೇರೆ ಮಾಡಲು ಒಂದೇ ಪ್ರಶ್ನೆ ಸಾಕು: ಈ ಬರಹದ ಹಿಂದಿರುವ ಮೂಲ ಕಾಗದ ಯಾವುದು? ಕೋರ್ಟಿನ ತೀರ್ಪೋ, ಲೆಕ್ಕಪರಿಶೋಧನೆಯ ವರದಿಯೋ, ವಿಧಾನಸಭೆಯ ಕಲಾಪವೋ, ಸಮೀಕ್ಷೆಯೋ, ಏನಾದರೊಂದು ಇರಬೇಕು. ಲೇಖನ ಅದರ ಹೆಸರು ಹೇಳಿದರೆ ಇಟ್ಟುಕೊಳ್ಳಿ. “ಅಧ್ಯಯನವೊಂದು ಹೇಳುತ್ತದೆ” ಎಂದು ಜಾರಿಕೊಂಡರೆ ಅಲ್ಲಿಗೇ ಬಿಡಿ.

ನಮ್ಮ ಕಡೆಯದೇ ಉದಾಹರಣೆ ನೋಡಿ. “ಅಡಿಕೆ ಕ್ಯಾನ್ಸರ್‌ಕಾರಕ: ವಿಶ್ವ ಆರೋಗ್ಯ ಸಂಸ್ಥೆ” ಎಂಬ ತಲೆಬರಹ ಆಗಾಗ ಹೊಸ ಸುದ್ದಿಯ ವೇಷ ತೊಟ್ಟು ಬರುತ್ತದೆ. ಬಂದ ದಿನ ಗುಂಪುಗಳಲ್ಲಿ ಗದ್ದಲ, ಮಾರನೆಯ ದಿನ ಖಂಡನೆ. ಮೂಲಕ್ಕೆ ಹೋದರೆ ಸಿಗುವುದು ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ, ಇರುವುದು ಫ್ರಾನ್ಸಿನ ಲಿಯಾನ್‌ನಲ್ಲಿ. 1985ರಲ್ಲಿ ಅದು ಹೊಗೆಸೊಪ್ಪು ಸೇರಿದ ಎಲೆಅಡಿಕೆಯ ವಿಷಯದಲ್ಲಿ ಮಾತ್ರ ಪುರಾವೆ ಸಾಕಷ್ಟಿದೆ ಎಂದಿತ್ತು. 2003ರಲ್ಲಿ ತಜ್ಞರು ಮತ್ತೆ ಕೂತು ನೋಡಿ, 2004ರಲ್ಲಿ ಪ್ರಕಟವಾದ 85ನೇ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಮೊದಲ ಗುಂಪಿಗೆ ಸೇರಿಸಿದರು. ಈ “ಮೊದಲ ಗುಂಪು” ಎಂಬಲ್ಲೇ ವರದಿಗಾರರೂ ಓದುಗರೂ ಮುಗ್ಗರಿಸುವುದು. ಅದು ಪುರಾವೆ ಎಷ್ಟು ಗಟ್ಟಿ ಎಂಬುದರ ಲೆಕ್ಕ, ಅಪಾಯ ಎಷ್ಟು ದೊಡ್ಡದು ಎಂಬುದರ ಲೆಕ್ಕವಲ್ಲ. ತಂಬಾಕು, ಮದ್ಯ, ಬಿಸಿಲು, 2015ರಿಂದೀಚೆಗೆ ಸಂಸ್ಕರಿಸಿದ ಮಾಂಸ, ಎಲ್ಲವೂ ಅದೇ ಗುಂಪಿನಲ್ಲಿವೆ.

ಇಷ್ಟು ಓದಿಕೊಂಡ ಅಧ್ಯಕ್ಷರು ಇಪ್ಪತ್ತು ವರ್ಷದ ಹಳೆಯ ಸಂಗತಿಗೆ ಇವತ್ತು ಬೆಚ್ಚಿಬೀಳುವುದಿಲ್ಲ. “ಅಡಿಕೆಯಿಂದ ಯಾವ ಹಾನಿಯೂ ಇಲ್ಲ” ಎಂಬ ಹೇಳಿಕೆಗೆ ರುಜುವನ್ನೂ ಹಾಕುವುದಿಲ್ಲ. ದುಬಾರಿಯಾಗುವುದು ಆ ರುಜುವೇ. ಯಾರಾದರೂ ಆ ಸಂಪುಟ ತಂದು ಎದುರಿಗಿಟ್ಟರೆ, ಆಮೇಲೆ ಸಂಘ ಗೊಬ್ಬರದ ದಾಸ್ತಾನಿನ ಲೆಕ್ಕ ನಿಜವಾಗಿಯೇ ಹೇಳಿದರೂ ಜನ ಎರಡು ಸಲ ನೋಡುತ್ತಾರೆ.

ಹೊಸದನ್ನು ಹಿಡಿಯಲು ಗೂಗಲ್ ಅಲರ್ಟ್ ಇಟ್ಟುಕೊಳ್ಳಿ; ನೀವು ಕೊಟ್ಟ ಪದ ಇರುವ ಹೊಸ ಸುದ್ದಿಯನ್ನು ಅದು ಮೇಲ್‌ಗೆ ಕಳಿಸುತ್ತದೆ. ವಾರಕ್ಕೊಮ್ಮೆ ಬರುವಂತೆ ಇಡಿ. “ಬಂದ ಕೂಡಲೇ” ಎಂದಿಟ್ಟರೆ ಅದೂ ಇನ್ನೊಂದು ವಾಟ್ಸ್‌ಆ್ಯಪ್ ಗುಂಪಾಗುತ್ತದೆ. ಇಲ್ಲಿ ಕೈಕೊಡುವುದು ಕಾಗುಣಿತ. “ಅಡಿಕೆ” ಎಂದು ಮಾತ್ರ ಕೊಟ್ಟರೆ “ಅಡಕೆ” ಎಂದು ಬರೆಯುವ ಪತ್ರಿಕೆಗಳ ಸುದ್ದಿ ತಪ್ಪಿಹೋಗಬಹುದು. ಇಂಗ್ಲಿಷಿನಲ್ಲಿ “ಶಿಮೊಗ” ಎಂಬುದು ಅಧಿಕೃತವಾಗಿ “ಶಿವಮೊಗ್ಗ” ಆದದ್ದು 2014ರ ನವೆಂಬರ್ 1ರಂದು, ಆದ್ದರಿಂದ ಹಳೆಯ ದಾಖಲೆ ಬೇಕಿದ್ದರೆ ಎರಡೂ ಬೇಕು. “ಅರೆಕಾನಟ್” ಎಂದು ಕೂಡಿಸಿ ಬರೆಯುವವರು ಹೆಚ್ಚಾಗಿ ನಮ್ಮವರು. ಐಎಆರ್‌ಸಿಯಂಥವರು “ಅರೆಕಾ ನಟ್” ಎಂದು ಬಿಡಿಸುತ್ತಾರೆ, ವಿದೇಶಿ ಪತ್ರಿಕೆಗಳು “ಬೀಟಲ್ ನಟ್” ಎನ್ನುತ್ತವೆ. ಬರೀ “ಅರೆಕಾ” ಎಂದು ಕೊಟ್ಟಿರೋ, ಕುಂಡದಲ್ಲಿಡುವ ಅಲಂಕಾರದ ಗಿಡ ಮಾರುವವರೆಲ್ಲ ನಿಮ್ಮ ಮೇಲ್‌ಬಾಕ್ಸಿಗೆ ಬಂದು ಕೂರುತ್ತಾರೆ. ಎರಡು ಪದದ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಡಿ, ಬೇಡದ ಪದಕ್ಕೆ ಮುಂಚೆ ಜಾಗ ಬಿಡದೆ ಮೈನಸ್ ಗುರುತು ಹಾಕಿ. ಸಂಘದ ಹೆಸರಿಗೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದೊಂದು ಅಲರ್ಟ್ ಇರಲಿ.

ಮಾಧ್ಯಮ ಮತ್ತು ನಂಬಿಕೆಯ ವಿಷಯಕ್ಕೆ ವರ್ಷದಲ್ಲಿ ಎರಡು ಸಮೀಕ್ಷೆ ನೋಡಿದರೆ ಸಾಕು: ಜನವರಿಯಲ್ಲಿ ಬರುವ ಎಡೆಲ್ಮನ್ ಟ್ರಸ್ಟ್ ಬ್ಯಾರೋಮೀಟರ್, ಜೂನ್‌ನಲ್ಲಿ ಬರುವ ಆಕ್ಸ್‌ಫರ್ಡಿನ ರಾಯಿಟರ್ಸ್ ಇನ್‌ಸ್ಟಿಟ್ಯೂಟಿನ ಡಿಜಿಟಲ್ ನ್ಯೂಸ್ ರಿಪೋರ್ಟ್. ಎರಡೂ ಪುಕ್ಕಟೆ ಸಿಗುತ್ತವೆ. ಆದರೆ ಮೊದಲು ಓದಬೇಕಾದದ್ದು ಕೊನೆಯ ಪುಟಗಳನ್ನು, ಅಂದರೆ ಯಾರನ್ನು, ಹೇಗೆ ಕೇಳಿದರು ಎಂಬ ಭಾಗವನ್ನು. ಎಡೆಲ್ಮನ್ ಎಂಬುದು ಪಬ್ಲಿಕ್ ರಿಲೇಷನ್ಸ್ ಕಂಪನಿ. ನಂಬಿಕೆ ಕುಸಿದಿದೆ ಎಂದಷ್ಟೂ ನಂಬಿಕೆ ಕಟ್ಟಿಕೊಡುವ ಕಸುಬಿಗೆ ಕೆಲಸ. ಅಂಕಿ ಸುಳ್ಳು ಎನ್ನುತ್ತಿಲ್ಲ, ಪ್ರಶ್ನೆ ಆರಿಸಿದವರು ಯಾರು ಎಂಬುದು ನೆನಪಿರಲಿ. ರಾಯಿಟರ್ಸ್ ವರದಿಯ ಭಾರತದ ಅಂಕಿಗಳೋ, ಮುಖ್ಯವಾಗಿ ಇಂಗ್ಲಿಷ್ ಬಲ್ಲ, ಆನ್‌ಲೈನಿನಲ್ಲಿ ಸುದ್ದಿ ನೋಡುವವರದ್ದು. ಅವರೇ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ ಪತ್ರಿಕೆ ಬಿಡಿಸಿ ಕೂತವರು ಆ ಲೆಕ್ಕದಲ್ಲಿಲ್ಲ. “ಭಾರತೀಯರು ಹೀಗೆ ಸುದ್ದಿ ನೋಡುತ್ತಾರೆ” ಎಂದು ಫಾರ್ವರ್ಡ್ ಆಗಿ ಬರುವಾಗ ಈ ಒಂದು ಸಾಲೇ ಉದುರಿಹೋಗಿರುತ್ತದೆ.

ನಾಯಕತ್ವದ ಬರಹಗಳಲ್ಲಿ ಗೊರಬಲು ಎಲ್ಲಕ್ಕಿಂತ ಹೆಚ್ಚು. 1920ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದರ ಕಾರಣ ತೋರಿಸಿದ್ದರು. ಸೇನಾಧಿಕಾರಿಗಳು ಕೈಕೆಳಗಿನವರಿಗೆ ಅಂಕ ಹಾಕುವಾಗ, ಮೈಕಟ್ಟು ಚೆನ್ನಾಗಿದೆ ಎನಿಸಿದವನಿಗೆ ಬುದ್ಧಿ, ನಡತೆ, ನಾಯಕತ್ವ ಎಲ್ಲದರಲ್ಲೂ ಹೆಚ್ಚೇ ಹಾಕುತ್ತಿದ್ದರು. ಹಾಗೆಯೇ ಲಾಭ ಕಂಡ ಕಂಪನಿಯ ಮುಖ್ಯಸ್ಥ ಬೆಳಗಿನ ನಾಲ್ಕಕ್ಕೆ ಏಳುವುದೂ ನಾಯಕತ್ವವಾಗುತ್ತದೆ. ಮುಳುಗಿದವನೂ ನಾಲ್ಕಕ್ಕೇ ಏಳುತ್ತಿದ್ದಿರಬಹುದು, ಅದನ್ನು ಬರೆಯುವವರಿಲ್ಲ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂಗೆ 2008ರಲ್ಲಿ ಒಳ್ಳೆಯ ಕಾರ್ಪೊರೇಟ್ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಲೆಕ್ಕವೆಲ್ಲ ಸುಳ್ಳು ಎಂದು ನಿರ್ದೇಶಕ ಮಂಡಳಿಗೆ ಪತ್ರ ಬರೆದರು. ಪ್ರಶಸ್ತಿಯ ಸುದ್ದಿ ಬಿಟ್ಟು ಆ ಪತ್ರ ಓದಿ. ಸಣ್ಣದೊಂದು ವ್ಯತ್ಯಾಸ ವರ್ಷದಿಂದ ವರ್ಷಕ್ಕೆ ಹೇಗೆ ಹಿಗ್ಗಿತು ಎಂಬುದು ಅದರಲ್ಲಿದೆ. ಸಂಘದ ಕಾರ್ಯದರ್ಶಿಗಳಿಗೂ ಓದಿಸಿ.

ಅಷ್ಟು ದೂರ ಯಾಕೆ, ಪಕ್ಕದ ಸಾಗರ ತಾಲ್ಲೂಕಿನ ಕಾಗೋಡು ಇಲ್ಲವೇ? ಅಲ್ಲಿನ ಗೇಣಿದಾರರು 1951ರಲ್ಲಿ ಭೂಮಾಲೀಕರ ಎದುರು ನಡೆಸಿದ ಸತ್ಯಾಗ್ರಹದ ಬೇರಿಗೆ ಹೋದರೆ ಸಿಗುವುದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರು. ಗೇಣಿದಾರರನ್ನು ಊರೂರು ತಿರುಗಿ ಸಂಘಟಿಸಿದವರು ಎಚ್. ಗಣಪತಿಯಪ್ಪ. ದೇಶದ ಕಣ್ಣು ಇತ್ತ ತಿರುಗಿದ್ದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ. 1952ರಲ್ಲಿ ಶಾಸನಸಭೆಗೆ ಹೋದವರು ಶಾಂತವೇರಿ ಗೋಪಾಲಗೌಡರು. ಕಟ್ಟಿದವರು ಒಬ್ಬರು, ಸುದ್ದಿಯಾದವರು ಇನ್ನೊಬ್ಬರು, ಸದನದಲ್ಲಿ ಮಾತಾಡಿದವರು ಮತ್ತೊಬ್ಬರು. ನೀವು ಕೇಳಿದ ನಾಯಕತ್ವ, ಮಾಧ್ಯಮ, ಹೆಸರು ಮೂರೂ ಒಂದೇ ಊರಿನಲ್ಲಿ ಸಿಕ್ಕಿದವು. ಗೋಪಾಲಗೌಡರ ಮಾತುಗಳನ್ನು ಸದನದ ಕಲಾಪದಲ್ಲೇ ಓದಿ, ಯಾರೋ ಮಾಡಿಕೊಟ್ಟ ಸಾರಾಂಶದಲ್ಲಿ ಬೇಡ.

ಪತ್ರಿಕೆಯಲ್ಲಿ ನಿಮ್ಮ ಸಂಘದ ಬಗ್ಗೆಯೇ ತಪ್ಪು ಬಂದರೆ ಯಾವ ಲೇಖನವೂ ಬೇಡ, ಪ್ರೆಸ್ ಕೌನ್ಸಿಲ್ ನಿಯಮಾವಳಿ ಸಾಕು. ಮೊದಲು ಸಂಪಾದಕರಿಗೆ ಬರೆಯಬೇಕು: ಸುದ್ದಿಯ ತುಣುಕು, ಯಾವ ವಾಕ್ಯ ತಪ್ಪು, ಸರಿ ಯಾವುದು, ಅದಕ್ಕೆ ದಾಖಲೆ. ಅಲ್ಲಿ ಬಗೆಹರಿಯದಿದ್ದರೆ ಕೌನ್ಸಿಲ್ಲಿಗೆ. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳು. ಕೌನ್ಸಿಲ್ ಛೀಮಾರಿ ಹಾಕಬಲ್ಲದು, ದಂಡ ಹಾಕುವಂತಿಲ್ಲ, ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಹೆಚ್ಚಿನವರು ಸೋಲುವುದು ಮೊದಲ ಹಂತದಲ್ಲೇ. ನಾಲ್ಕು ಪುಟ ಸಿಟ್ಟು ಬರೆದು, ತಪ್ಪಾದ ವಾಕ್ಯ ಯಾವುದೆಂದು ಹೇಳುವುದನ್ನೇ ಮರೆತಿರುತ್ತಾರೆ. ಸಂಪಾದಕರ ಈ ಕುರ್ಚಿಯಲ್ಲಿ ಕೂತವರಿಗೆ ಅದು ಚೆನ್ನಾಗಿ ಗೊತ್ತು.

ಇನ್ನು ಎಷ್ಟು ಓದಬೇಕು ಎಂಬುದು. ದಿನಾ ಇಪ್ಪತ್ತು ನಿಮಿಷ ಎರಡು ದಿನಪತ್ರಿಕೆ. ಎರಡೂ ಒಂದೇ ಕಡೆ ವಾಲುವವು ಆಗಬಾರದು. ಭಾನುವಾರ ಒಂದೂವರೆ ಗಂಟೆ, ಒಂದೇ ಮೂಲ ಕಾಗದ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಮೂರು ಗೆರೆ ಎಳೆದು ನಾಲ್ಕು ಅಂಕಣ ಮಾಡಿ: ದಿನಾಂಕ, ಏನು ಹೇಳಿದ್ದಾರೆ, ಮೂಲ ಯಾವುದು, ಆಮೇಲೆ ಏನಾಯಿತು. ನಾಲ್ಕನೆಯದನ್ನು ಖಾಲಿ ಬಿಟ್ಟು ಮೂರು ತಿಂಗಳಾದ ಮೇಲೆ ತುಂಬಿ. ಯಾರ ಮಾತು ನಿಂತಿತು, ಯಾರದ್ದು ಸೋರಿತು ಎಂದು ಆಗ ತಾನಾಗಿ ಕಾಣುತ್ತದೆ, ಪಟ್ಟಿಯಿಂದ ಯಾರನ್ನು ಕೈಬಿಡಬೇಕು ಎಂದು ನಮ್ಮನ್ನು ಕೇಳಬೇಕಾಗಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ ಆರ್ಕೈವಿಗೆ ತಳ್ಳಿ, ಬಿಟ್ಟುಬರಬೇಡಿ. ಊರಿನವರು ಬೇಸರ ಮಾಡಿಕೊಳ್ಳುತ್ತಾರೆ. “ಆಮೇಲೆ ಓದುತ್ತೇನೆ” ಎಂದು ಉಳಿಸಿಡುವುದು ಐದನ್ನು ದಾಟಬಾರದು. ಆರನೆಯದು ಬಂತೆಂದರೆ ಒಂದು ಹೋಗಬೇಕು.

ಜೂನಿನ ರಾಯಿಟರ್ಸ್ ವರದಿ ಬರುವ ಹೊತ್ತಿಗೆ ನಿಮ್ಮಲ್ಲಿ ಮಳೆ ಹಿಡಿದು ಕರೆಂಟ್, ನೆಟ್‌ವರ್ಕ್ ಎರಡೂ ಮುನಿಸಿಕೊಂಡಿರುತ್ತವೆ. ಶಿವಮೊಗ್ಗಕ್ಕೆ ಬಂದ ದಿನ ಪಿಡಿಎಫ್ ಇಳಿಸಿಕೊಂಡು ಆರಂಭದ ಸಾರಾಂಶ, ಭಾರತದ ಎರಡು ಪುಟ, ವಿಧಾನದ ಟಿಪ್ಪಣಿ ಇಷ್ಟನ್ನೇ ಪ್ರಿಂಟ್ ತೆಗೆಸಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ಆಷಾಢದಲ್ಲಿ ಕಾಗದಕ್ಕೂ ಬೂಸ್ಟು ಬರುತ್ತದೆ.

— ಸಂಪಾದಕ