ಕೋಬಾಲ್ ಬರೆದ ಕೈಗೆ ಕಾಟ್ಲಿನ್

ಪ್ರಶ್ನೆ: ಬ್ಯಾಂಕಿನಲ್ಲಿದ್ದಾಗ ಹಳೆಯ ಕಂಪ್ಯೂಟರ್ ಭಾಷೆ ಕೋಬಾಲ್‌ನಲ್ಲಿ ಬಡ್ಡಿ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೆ. ಈಗ 67. ಆಂಡ್ರಾಯ್ಡ್ ಫೋನ್ ಕೈಗೆ ಬಂದ ಮೇಲೆ ಹಳೇ ಹುಚ್ಚು ಮರಳಿದೆ. ಆ್ಯಪ್ ಮಾಡಲಾದೀತೇ?
– ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ಆಗುತ್ತೆ ಸರ್. ಜಪಾನಿನ ಮಸಾಕೊ ವಾಕಾಮಿಯಾ ಕೂಡ ಬ್ಯಾಂಕಿನಿಂದ ನಿವೃತ್ತರಾದವರೇ. ಐಫೋನ್ ಆ್ಯಪ್ ಬರೆಯುವ ಭಾಷೆ ಸ್ವಿಫ್ಟ್ ಕಲಿತು 2017ರಲ್ಲಿ, 81ನೇ ವಯಸ್ಸಿನಲ್ಲಿ, ‘ಹಿನದಾನ್’ ಎಂಬ ಐಫೋನ್ ಆಟ ಹೊರತಂದರು. ನಮ್ಮ ದಸರಾ ಗೊಂಬೆಯಂತೆ ಅಲ್ಲಿನ ಹಬ್ಬದ ಗೊಂಬೆಗಳನ್ನು ಮೆಟ್ಟಿಲ ಮೇಲೆ ಅವುಗಳ ಜಾಗದಲ್ಲೇ ಕೂರಿಸುವ ಆಟ. ಹಿರಿಯರ ಬೆರಳಿಗೆ ಎಳೆದಾಡುವುದು ಕಷ್ಟವೆಂದು, ಮುಟ್ಟಿದರೆ ಸಾಕು ಎಂಬಂತೆ ರೂಪಿಸಿದ್ದಾರೆ. ಈ ಕಾಳಜಿ ನನಗೆ ತುಂಬಾ ಇಷ್ಟ.

ನೀವು ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ ಕಾಟ್ಲಿನ್ ಹಿಡಿಯಿರಿ. ಅದರಲ್ಲಿ ಆ್ಯಪ್ ಕಟ್ಟುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೋ ಉಚಿತ. ತೊಡಕೊಂದೇ: ನಿಮ್ಮ ಕೋಬಾಲ್ ಪ್ರೋಗ್ರಾಂ ಮೇಲಿನಿಂದ ಕೆಳಕ್ಕೆ ಓಡಿ ಮುಗಿಯುತ್ತಿತ್ತು, ಆ್ಯಪ್ ಮಾತ್ರ ಬೆರಳು ತಾಗುವುದನ್ನೇ ಕಾಯುತ್ತಿರುತ್ತದೆ. ಮೊದಲು ಮನೆಯ ಹಾಲಿನ ಲೆಕ್ಕಕ್ಕೊಂದು ಆ್ಯಪ್ ಮಾಡಿ. ನಾನು ಶುರು ಮಾಡಿದ್ದೂ ಅದರಿಂದಲೇ.