ಬೇರೆ ಬೇರೆ ಬಗೆಯ ಕೆಲವು ಚಿತ್ರಗಳ ಬಗ್ಗೆ ನಿಮ್ಮ ನೇರವಾದ ತೀರ್ಪು ಏನು? ಅವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲು ಸಾಧ್ಯವೇ?

ತಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ. ಸಾಧ್ಯವೆಂದೇ ನನ್ನ ಅಭಿಪ್ರಾಯ. ನಾನು ಮುಖ್ಯವಾಗಿ ಗಮನಿಸುವುದು ಒಂದೇ ಸಂಗತಿಯನ್ನು: ಕಥೆ ತನ್ನ ಅತ್ಯಂತ ಬಿಗಿಯಾದ ಘಟ್ಟಕ್ಕೆ ಬಂದಾಗ ನಿರ್ದೇಶಕರು ಪ್ರೇಕ್ಷಕರನ್ನು ನಂಬಿ ಸುಮ್ಮನಾಗುತ್ತಾರೆಯೇ, ಅಥವಾ ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂದು ಹೆದರಿ ವಿವರಣೆಗೆ ಇಳಿಯುತ್ತಾರೆಯೇ? ಕಲಾತ್ಮಕ ಚಿತ್ರ, ಕಮರ್ಷಿಯಲ್ ಚಿತ್ರ ಎಂಬ ವಿಂಗಡಣೆಗಿಂತ ಈ ಪ್ರಶ್ನೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಇದನ್ನು ವಿವರಿಸಲು ಕೆಲವು ಚಿತ್ರಗಳ ಕೊನೆಯನ್ನೂ ಹೇಳಬೇಕಾಗುತ್ತದೆ. ಅವನ್ನು ಇನ್ನೂ ನೋಡದವರು ಆಯಾ ಭಾಗವನ್ನು ಬಿಟ್ಟು ಓದಬಹುದು.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಈ ಅಳತೆಗೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ. ಮಗಳು ದುರ್ಗಾ ತೀರಿಕೊಂಡಿರುವುದು ತಿಳಿಯದೆ ಊರಿಗೆ ಮರಳಿದ ಹರಿಹರ, ತಂದ ಸಾಮಾನುಗಳನ್ನು ಒಂದೊಂದಾಗಿ ತೆಗೆದು ಹೆಂಡತಿಗೆ ತೋರಿಸುತ್ತಾ, ಕೊನೆಗೆ ಮಗಳಿಗೆಂದು ತಂದ ಸೀರೆಯನ್ನು ಅವಳ ಕೈಗೆ ಕೊಡುತ್ತಾನೆ. ಅಲ್ಲಿಯವರೆಗೆ ತುಟಿ ಬಿಗಿಹಿಡಿದಿದ್ದ ತಾಯಿ ಆ ಸೀರೆಯನ್ನು ಹಿಡಿದು ಕುಸಿಯುತ್ತಾಳೆ. ಅವಳು ಬಾಯಿ ತೆರೆದು ಅಳುತ್ತಾಳೆ. ಆದರೆ ನಮಗೆ ಕೇಳಿಸುವುದು ಅವಳ ಅಳುವಲ್ಲ, ತಾರ್ ಶಹನಾಯಿ ಎಂಬ ತಂತಿವಾದ್ಯದ ಏರುದನಿ. ಆ ಅಳುವನ್ನೇ ಕೇಳಿಸಿದ್ದರೆ ನಾವು ಒಬ್ಬ ತಾಯಿಯ ದುಃಖವನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದೆವು. ಕೇಳಿಸದೆ ಇದ್ದುದರಿಂದ ಅದನ್ನು ನಮ್ಮೊಳಗಿನಿಂದಲೇ ತುಂಬಿಕೊಳ್ಳಬೇಕಾಗುತ್ತದೆ. ಮುಂದೆ ಮನೆ ಖಾಲಿ ಮಾಡುವಾಗ, ತಾನು ಕದ್ದಿಲ್ಲವೆಂದು ಅಕ್ಕ ಹೇಳಿದ್ದ ಮಣಿಸರ ಅಪುವಿನ ಕೈಗೆ ಸಿಗುತ್ತದೆ. ಅವನು ಯಾರಿಗೂ ಹೇಳದೆ ಅದನ್ನು ಕೊಳಕ್ಕೆ ಎಸೆಯುತ್ತಾನೆ. ಸರ ಬಿದ್ದ ಜಾಗದಲ್ಲಿ ಬಾಯಿಬಿಟ್ಟ ಪಾಚಿ ಮೆಲ್ಲನೆ ಮತ್ತೆ ಕೂಡಿಕೊಳ್ಳತೊಡಗುತ್ತದೆ. ಮೊದಲ ಭಾಗದ ಕೆಲವು ದೃಶ್ಯಗಳ ಜೋಡಣೆ ಸಡಿಲವಾಗಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಇದು ಮಹತ್ವದ ಕೃತಿ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ವನ್ನು (1977) ನಾನು ಇದರ ಪಕ್ಕದಲ್ಲೇ ಇಡುತ್ತೇನೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಚಿತ್ರ ಬಸಿರಾದ ವಿಧವೆ ಯಮುನಕ್ಕನ ದುರಂತವನ್ನು ವೇದಪಾಠಕ್ಕೆ ಬಂದ ನಾಣಿ ಎಂಬ ಹುಡುಗನ ಕಣ್ಣಿನಿಂದ ನೋಡುತ್ತದೆ. ಸುತ್ತಲಿನ ಹಿರಿಯರಿಗೆ ಆಗುತ್ತಿರುವುದೆಲ್ಲ ತಿಳಿದಿದೆ, ಆದರೆ ಅವರಲ್ಲಿ ಕರುಣೆಯಿಲ್ಲ. ಹುಡುಗನಿಗೆ ಅರ್ಧವೂ ತಿಳಿಯದು, ಆದರೆ ಅವಳ ಪಕ್ಕದಲ್ಲಿ ನಿಲ್ಲುವವನು ಅವನೊಬ್ಬನೇ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಮುಗಿಸಿದ ಮೇಲೆ, ಊರು ಬಿಟ್ಟು ಹೊರಟ ನಾಣಿಯ ಕಣ್ಣಿಗೆ ತಲೆ ಬೋಳಿಸಿಕೊಂಡು ಮರದಡಿಯಲ್ಲಿ ಒಂಟಿಯಾಗಿ ಕುಳಿತ ಯಮುನಕ್ಕ ಬೀಳುತ್ತಾಳೆ. ಅಲ್ಲಿ ಒಂದು ಭಾಷಣಕ್ಕೆ, ಸಮಾಜವನ್ನು ಖಂಡಿಸುವ ಒಂದು ಮಾತಿಗೆ ಎಷ್ಟೊಂದು ಅವಕಾಶವಿತ್ತು! ಕಾಸರವಳ್ಳಿಯವರು ಅದನ್ನು ಬಳಸಿಕೊಳ್ಳಲಿಲ್ಲ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣ ಹೇಳಿದ್ದೇ ಸಾಕೆಂದು ಬಿಟ್ಟರು.

ಇದಕ್ಕೆ ವಿರುದ್ಧವಾದ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. ಹಿಚ್‌ಕಾಕ್ ಅವರ ‘ಸೈಕೋ’ (1960) ಹೆಚ್ಚುಕಡಿಮೆ ಲೋಪವಿಲ್ಲದ ಚಿತ್ರ. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಿಂದ ಕಟ್ಟಿದ ಸಂಗೀತವಂತೂ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಹೀಗಿರುವಾಗ ಕೊನೆಯಲ್ಲಿ ಒಬ್ಬ ಮನೋವೈದ್ಯ ಬಂದು ಕೊಲೆಗಾರ ನಾರ್ಮನ್‌ನ ಮನಸ್ಸನ್ನು ತರಗತಿಯಲ್ಲಿ ಪಾಠ ಹೇಳುವಂತೆ ಬಿಡಿಸಿಡುತ್ತಾನೆ. ಅದರ ನಂತರ ಬರುವ ದೃಶ್ಯದಲ್ಲಿ ನಾರ್ಮನ್ ಕೈ ಮೇಲೆ ಕುಳಿತ ನೊಣವನ್ನು ಓಡಿಸದೆ ಸುಮ್ಮನೆ ಕುಳಿತಿರುತ್ತಾನೆ. ಆ ನೊಣವೊಂದೇ ವೈದ್ಯನ ಇಡೀ ಭಾಷಣಕ್ಕಿಂತ ಹೆಚ್ಚು ಹೇಳುತ್ತದೆ. ‘ಜೋಕರ್’ (2019) ಇದೇ ತಪ್ಪನ್ನು ಇನ್ನೂ ದೊಡ್ಡದಾಗಿ ಮಾಡಿದೆ. ನೆರೆಮನೆಯ ಹೆಣ್ಣಿನೊಂದಿಗಿನ ನಾಯಕನ ಸಂಬಂಧ ಬರೀ ಕಲ್ಪನೆ ಎಂಬುದು ಅವಳ ಮುಖದ ಗಾಬರಿಯಿಂದಲೇ ನಮಗೆ ಹೊಳೆದಿರುತ್ತದೆ. ಅಷ್ಟಾದ ಮೇಲೂ ಹಳೆಯ ದೃಶ್ಯಗಳನ್ನು ಅವಳಿಲ್ಲದಂತೆ ಮತ್ತೊಮ್ಮೆ ತೋರಿಸಿ ಖಚಿತಪಡಿಸುತ್ತಾರೆ. ವಾಕೀನ್ ಫೀನಿಕ್ಸ್ ಅವರ ಅಭಿನಯಕ್ಕೆ ಸಿಕ್ಕ ಆಸ್ಕರ್ ನ್ಯಾಯವಾದದ್ದೇ. ಚಿತ್ರಕ್ಕೆ ಮಾತ್ರ ತನ್ನ ನಟನ ಮೇಲಿದ್ದ ನಂಬಿಕೆ ಸಾಲದಾಯಿತು.

ಜನಪ್ರಿಯ ಚಿತ್ರಗಳೆಲ್ಲ ಹೀಗೆಯೇ ಎಂದು ಭಾವಿಸಬಾರದು. ‘ಶೋಲೆ’ಯಲ್ಲಿ (1975) ಸಂಭಾಷಣೆಗಳದ್ದೇ ಹೆಸರು, ಆದರೆ ನನಗೆ ಆ ಚಿತ್ರವೆಂದರೆ ಜಯ್ ಜಗಲಿಯ ಮೇಲೆ ಕುಳಿತು ಮೌತ್ ಆರ್ಗನ್ ನುಡಿಸುತ್ತಿರುವಾಗ ಎದುರಿನ ಮಹಡಿಯಲ್ಲಿ ವಿಧವೆ ರಾಧಾ ಒಂದೊಂದಾಗಿ ದೀಪ ಆರಿಸುತ್ತಾ ಹೋಗುವುದು. ಇಬ್ಬರ ನಡುವೆ ಒಂದು ಮಾತೂ ಇಲ್ಲ. ಹಾಸ್ಯದ ಭಾಗಗಳನ್ನು ಅರ್ಧಕ್ಕೆ ಇಳಿಸಬಹುದಿತ್ತು. ಹನ್ನೊಂದು ಆಸ್ಕರ್ ಗೆದ್ದ ‘ಟೈಟಾನಿಕ್’ (1997) ಕೂಡ ಹಾಗೆಯೇ: ನಾಯಕ ನಾಯಕಿಯರ ಮಾತು ಬಹಳ ಸಪ್ಪೆ, ಹಡಗು ಮುಳುಗುತ್ತಿರುವಾಗ ಪಿಸ್ತೂಲು ಹಿಡಿದು ಅಟ್ಟಿಸಿಕೊಂಡು ಬರುವ ಖಳನಾಯಕ ಅನಗತ್ಯ, ಆದರೆ ಮಂಚದ ಮೇಲೆ ತಬ್ಬಿ ಮಲಗಿದ ಮುದಿ ದಂಪತಿಯನ್ನೂ ಪಿಟೀಲು ನುಡಿಸುತ್ತಲೇ ಉಳಿದ ವಾದ್ಯಗಾರರನ್ನೂ ಮರೆಯಲಾಗದು. ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ಯ (1968) ಮೊದಲ ಮಾತು ಬರುವುದೇ ಸುಮಾರು 25 ನಿಮಿಷದ ನಂತರ, ಅದನ್ನು ದೊಡ್ಡ ಪರದೆಯ ಮೇಲೆ ನೋಡದವರು ಬೇಸರಪಟ್ಟರೆ ನಾನು ಆಕ್ಷೇಪಿಸುವುದಿಲ್ಲ.

‘ಕಾಂತಾರ’ದ (2022) ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ರುಚಿಸಲಿಕ್ಕಿಲ್ಲ. ಮೊದಲರ್ಧದ ಪ್ರೇಮಪ್ರಸಂಗ ದುರ್ಬಲವಾಗಿದೆ. ತನ್ನವರ ಎದುರಿನಲ್ಲೇ ಅರಣ್ಯ ಇಲಾಖೆಯ ಸಮವಸ್ತ್ರ ತೊಟ್ಟು ನಿಲ್ಲಬೇಕಾದ ಲೀಲಾಳ ಸಂಕಟದಲ್ಲಿ ಇನ್ನೊಂದು ಚಿತ್ರಕ್ಕೆ ಆಗುವಷ್ಟು ಕಸುವಿದ್ದರೂ ಅದನ್ನು ಮೇಲೆ ಮೇಲೆ ಮುಟ್ಟಿ ಬಿಡಲಾಗಿದೆ. ಕೊನೆಯ ಭಾಗ ಬೇರೆಯೇ ಎತ್ತರದ್ದು. ಅಷ್ಟೆಲ್ಲ ಅಬ್ಬರದ ನಂತರ ದೈವ ಒಂದು ಮಾತನ್ನೂ ಆಡದೆ ಅಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಒಂದುಗೂಡಿಸಿ ಎದೆಗೆ ಒತ್ತಿಕೊಳ್ಳುವುದನ್ನು ನೋಡಿದಾಗ, ಜಗಳದ ಪರಿಹಾರವನ್ನು ಬಾಯಿಮಾತಿನಲ್ಲಿ ಹೇಳಿಸದ ರಿಷಬ್ ಶೆಟ್ಟಿಯವರ ಬಗ್ಗೆ ನನಗೆ ನಿಜವಾದ ಗೌರವ ಮೂಡಿತು.

ರಾಮ್ ರೆಡ್ಡಿಯವರ ‘ತಿಥಿ’ಯನ್ನು (2015) ಎಲ್ಲರೂ ನಗೆಯ ಚಿತ್ರವೆಂದು ನೆನೆಯುತ್ತಾರೆ. ನಗು ಇದೆ, ಮಂಡ್ಯದ ಮಾತಿನ ಸೊಗಸೂ ಇದೆ. ಆದರೆ ರಾತ್ರಿ ಬೆಂಕಿಯ ಮುಂದೆ ಗಡ್ಡಪ್ಪ ಕುರಿಗಾಹಿಗಳಿಗೆ ತನ್ನ ಬದುಕಿನ ಅತಿ ದೊಡ್ಡ ಗಾಯವನ್ನು, ಬೇರೆ ಯಾರದೋ ಕಥೆಯನ್ನು ಹೇಳುವಷ್ಟು ಸಮದನಿಯಲ್ಲಿ ಹೇಳುವ ದೃಶ್ಯವನ್ನು ಮತ್ತೊಮ್ಮೆ ನೋಡಿ. ತಂದೆಯ ಆಸ್ತಿಯ ಬಗ್ಗೆ ಅವನಿಗೇಕೆ ಅಷ್ಟು ನಿರ್ಲಿಪ್ತತೆ ಎಂಬುದು ಅಲ್ಲಿ ತಿಳಿಯುತ್ತದೆ. ವೃತ್ತಿನಟರಲ್ಲದವರಿಂದ ಇಂಥದ್ದನ್ನು ಪಡೆಯುವುದು ಸುಲಭವಲ್ಲ. ‘ಬೈಸಿಕಲ್ ಥೀವ್ಸ್’ನಲ್ಲಿ (1948) ಇಟಲಿಯ ನಿರ್ದೇಶಕ ಡಿ ಸಿಕಾ ಕೂಡ ಇದನ್ನು ಸಾಧಿಸಿದ್ದರು: ನಾಯಕನ ಹೆಂಡತಿ ಅಡವಿಟ್ಟ ಹಾಸಿಗೆ ಬಟ್ಟೆಗಳ ಗಂಟನ್ನು ಹೊತ್ತು ಗುಮಾಸ್ತ ಕಪಾಟು ಹತ್ತುವಾಗ, ಅಂಥದ್ದೇ ಗಂಟುಗಳು ಸೂರಿನವರೆಗೂ ಪೇರಿಸಿರುವುದು ಕಾಣುತ್ತದೆ. ಇಡೀ ಊರಿನ ಬಡತನಕ್ಕೆ ಆ ಒಂದು ಶಾಟ್ ಸಾಕಾಗಿದೆ.

ಕೊನೆಯದಾಗಿ ಜಪಾನಿನ ನಿರ್ದೇಶಕ ಓಜು ಅವರ ‘ಟೋಕಿಯೋ ಸ್ಟೋರಿ’ (1953). ಮಕ್ಕಳನ್ನು ನೋಡಲು ಹೋದ ಮುದಿ ತಂದೆ ತಾಯಿಯರಿಗಾಗಿ ಮಕ್ಕಳಿಗೆ ಬಿಡುವಿಲ್ಲ, ಕಥೆ ಇಷ್ಟೇ. ಮೊದಲ ಸಲ ನೋಡಿದಾಗ ಏನೂ ನಡೆಯುತ್ತಿಲ್ಲವೆಂದು ಅರ್ಧಕ್ಕೇ ಬಿಟ್ಟಿದ್ದೆ, ಆ ತೀರ್ಪು ಪೂರ್ತಿ ತಪ್ಪಾಗಿತ್ತು. ಈಗ ನಾನು ಯಾವ ಚಿತ್ರವನ್ನೂ ಇದಕ್ಕಿಂತ ಮೇಲೆ ಇಡಲಾರೆ. ಬೆಳಗಿನ ಜಾವ ಹೆಂಡತಿ ತೀರಿಕೊಂಡ ಮೇಲೆ ಮುದುಕ ಮನೆಯಿಂದ ಹೊರಗೆ ಬಂದು ನಿಂತಿರುತ್ತಾನೆ. ಹುಡುಕಿಕೊಂಡು ಬಂದ ಸೊಸೆಗೆ ಅವನು ಹೇಳುವುದು ಸೂರ್ಯೋದಯ ಎಷ್ಟು ಚೆನ್ನಾಗಿತ್ತು, ಇವತ್ತೂ ಸೆಕೆ ಇರುತ್ತದೆ ಎಂದಷ್ಟೇ. ಆಮೇಲೆ ಇಬ್ಬರೂ ಮನೆಯ ಕಡೆ ನಡೆಯುತ್ತಾರೆ.