ಆಟಿಕೆ ಬೇಡ ಅಂದ ಮೇಲೆ ಮೊಮ್ಮಕ್ಕಳಿಗೆ ಏನು ಕೊಡೋದು?

ಮೊಮ್ಮಗಳಿಗೆ ಆರು ವರ್ಷ, ಮೊಮ್ಮಗನಿಗೆ ಒಂದೂವರೆ. ಮನೇಲಿ ಕಾಲಿಡೋಕೆ ಜಾಗ ಇಲ್ಲದಷ್ಟು ಆಟಿಕೆ. ಇನ್ಮೇಲೆ ಒಂದೂ ತರಬೇಡಿ ಅಂತ ಸೊಸೆ ಹೇಳಿದ್ದಾಳೆ. ಬರಿಗೈಲಿ ಹೋಗೋಕೆ ನಿಮಗೆ ಮನಸ್ಸಿಲ್ಲ. ದೊಡ್ಡವರಾದ ಮೇಲೂ ನೆನಪಲ್ಲಿರುವಂಥದ್ದು ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ಮೂರು ವರ್ಷದ ಹಿಂದೆ ನಾನೂ ನಿಮ್ಮ ಜಾಗದಲ್ಲೇ ಇದ್ದೆ. ನನಗೀಗ 67. ಮೊಮ್ಮಗಳಿಗೆ ಒಂಬತ್ತು, ಮೊಮ್ಮಗನಿಗೆ ಐದು. ನಮ್ಮ ಸೊಸೆ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ನಾನು ಕೊಟ್ಟ ಡಬ್ಬಗಳು ಬಿಚ್ಚದೆ ಮಂಚದ ಕೆಳಗೆ ಸೇರಿದ್ದನ್ನು ನೋಡಿ ನನಗೇ ಅರ್ಥವಾಯಿತು. ಆಮೇಲೆ ಕೆಲವು ಪ್ರಯೋಗ ಮಾಡಿದೆ. ಅರ್ಧ ಕೈಕೊಟ್ಟವು, ಅರ್ಧ ಕೂಡಿ ಬಂದವು. ಕೂಡಿ ಬಂದದ್ದರಲ್ಲಿ ಒಂದು ಸಾಮ್ಯ ಕಂಡಿತು: ಮಗು ಒಬ್ಬಂಟಿಯಾಗಿ ಅದನ್ನ ಮುಗಿಸೋಕೆ ಆಗಲ್ಲ. ಮತ್ತೆ ನನ್ನ ಹತ್ತಿರ ಬರಲೇಬೇಕು.

ಮೊದಲು ನನ್ನ ಸೋಲಿನ ಕಥೆ. ನಾಲ್ಕು ಪುಟದ ಪತ್ರ ಬರೆದೆ. "ಪ್ರೀತಿಯ ಮೊಮ್ಮಗಳೇ" ಅಂತ ಶುರು. ಸತ್ಯ ಹೇಳಬೇಕು, ಚೆನ್ನಾಗಿ ಓದಬೇಕು, ಹಿರಿಯರ ಮಾತು ಕೇಳಬೇಕು, ಹೀಗೇ ಸಾಗಿತ್ತು. ಬರೆಯುವಾಗ ನನ್ನ ಕಣ್ಣೇ ತೇವವಾಗಿತ್ತು. ಮುಂದಿನ ಸಲ ಹೋದಾಗ ನೋಡಿದರೆ ಆ ಪತ್ರದ ಹಿಂಬದಿಯಲ್ಲಿ ಒಂದು ಬೆಕ್ಕಿನ ಚಿತ್ರ. ಮೂರು ಕಾಲು, ಉದ್ದ ಮೀಸೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ಅದನ್ನ ನನ್ನ ಮುಂದೆ ಹಿಡಿದು "ತಾತ, ಇದಕ್ಕೊಂದು ಹೆಸರು ಕೊಡು" ಅಂದಳು. ಹೆಸರು ಬರೆದೆ. ಅದರ ಕೆಳಗೆ, "ನಾಲ್ಕನೇ ಕಾಲು ಎಲ್ಲಿ ಹೋಯ್ತು?" ಅಂತ ಒಂದು ಪ್ರಶ್ನೆ ಬರೆದೆ. ಅವಳು ಅದರ ಕೆಳಗೆ ಉತ್ತರ ಬರೆದಳು.

ನನ್ನ ಉಡುಗೊರೆ ಹುಟ್ಟಿದ್ದು ಹಾಗೆ. ಗಟ್ಟಿ ರಟ್ಟಿನ ಒಂದು ನೋಟ್ ಪುಸ್ತಕ ತಂದೆ. ಎಡಗಡೆ ಪುಟ ಅವಳದು, ಬಲಗಡೆ ನನ್ನದು. ಅವಳು ಬರೆದು ಕೊಡುತ್ತಾಳೆ, ನಾನು ಮನೆಗೆ ತಂದು ಬರೆದು ವಾಪಸ್ ಕಳಿಸುತ್ತೇನೆ. ಭೇಟಿ ಆಗದ ತಿಂಗಳಲ್ಲಿ ಅಂಚೆಯಲ್ಲಿ ಹೋಗುತ್ತದೆ. ಈಗ ಮೂರನೇ ಪುಸ್ತಕ ನಡೀತಿದೆ. ಅವಳು ಕೇಳಿರುವ ಪ್ರಶ್ನೆಗಳು ಯಾವ ಸಂದರ್ಶನದಲ್ಲೂ ಬರಲ್ಲ. "ನೀನು ಅಪ್ಪನಿಗೆ ಯಾವಾಗ ಹೊಡೆದಿದ್ದೆ?" "ಅಜ್ಜಿಯನ್ನ ಮೊದಲು ನೋಡಿದಾಗ ಅಜ್ಜಿ ಏನು ಹಾಕ್ಕೊಂಡಿದ್ರು?" ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಡತಿಗೆ ಚೆನ್ನಾಗಿ ನೆನಪಿತ್ತು, ಅದರ ಜತೆ ನನ್ನ ಮೇಲಿನ ಬೇರೆ ದೂರುಗಳೂ ನೆನಪಾದವು.

ಒಂದು ಎಚ್ಚರಿಕೆ ಮಾತ್ರ ಹೇಳ್ತೀನಿ. ಒಮ್ಮೆ ನಾನು ಅವಳ ಪುಟದಲ್ಲಿ ಕಾಗುಣಿತದ ತಪ್ಪುಗಳನ್ನ ಕೆಂಪು ಪೆನ್ನಲ್ಲಿ ತಿದ್ದಿಬಿಟ್ಟೆ. ಕೈ ಅಭ್ಯಾಸ. ಪುಸ್ತಕ ಎರಡು ತಿಂಗಳು ವಾಪಸ್ ಬರಲಿಲ್ಲ. ಆಮೇಲೆ ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡೆವು: ಪುಸ್ತಕದೊಳಗೆ ಯಾರೂ ಯಾರನ್ನೂ ತಿದ್ದಬಾರದು.

ಮನೆಯ ಕಥೆ ಹೇಳೋದರಿಂದ ಏನು ಲಾಭ ಅಂತ ನನ್ನ ಮಗ ಒಮ್ಮೆ ಕೇಳಿದ್ದ. ಅದನ್ನೂ ಹುಡುಕಿ ಓದಿದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಅನ್ನೋ ಮನಶ್ಶಾಸ್ತ್ರಜ್ಞರು ಮಕ್ಕಳಿಗಾಗಿ 20 ಪ್ರಶ್ನೆಗಳ ಪಟ್ಟಿ ಮಾಡಿದ್ದರು. ನಿನ್ನ ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಅಪ್ಪ ಅಮ್ಮ ಎಲ್ಲಿ ಭೇಟಿಯಾದರು, ನೀನು ಹುಟ್ಟಿದ ದಿನ ಏನಾಯ್ತು, ಇಂಥವು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚಿಗೆ ಕಂಡಿತಂತೆ. ಹಾಗಂತ ಉತ್ತರಗಳನ್ನ ಬಾಯಿಪಾಠ ಮಾಡಿಸಿದರೆ ಏನೂ ಪ್ರಯೋಜನ ಇಲ್ಲ ಅಂತ ಅವರೇ ಹೇಳಿದ್ದಾರೆ. ಕೂತು ಹರಟೆ ಹೊಡೆಯುವ ಮನೆಯಲ್ಲಿ ಮಕ್ಕಳಿಗೆ ಅವು ತಾನಾಗೇ ಗೊತ್ತಿರುತ್ತವೆ, ಅಷ್ಟೇ. ಇದನ್ನ ಓದಿದ ಮೇಲೆ ನನ್ನ ಹರಟೆಗೆ ಮನೇಲಿ ಸ್ವಲ್ಪ ಮರ್ಯಾದೆ ಬಂತು.

ಇನ್ನು ಮೊಮ್ಮಗ. ಅವನಿಗೆ ಅಕ್ಷರ ಈಗಷ್ಟೇ ಬರ್ತಿದೆ, ಪುಸ್ತಕ ಕೊಟ್ಟರೆ ಮುಟ್ಟಲ್ಲ. ಅವನ ಐದನೇ ಹುಟ್ಟುಹಬ್ಬಕ್ಕೆ ನಿಜವಾದ ಸ್ಕ್ರೂಡ್ರೈವರ್ ಕೊಟ್ಟೆ. ಪ್ಲಾಸ್ಟಿಕ್ಕಿನದಲ್ಲ, ಕಬ್ಬಿಣದ್ದು, ಗಿಡ್ಡ ಹಿಡಿಯದು. ಜತೆಗೆ ಕೆಟ್ಟುಹೋದ ಒಂದು ಗೋಡೆ ಗಡಿಯಾರ. ಸೆಲ್ ತೆಗೆದಿಟ್ಟು, ನಾನು ಪಕ್ಕದಲ್ಲಿ ಕೂತು, ಬಿಚ್ಚೋಕೆ ಹೇಳಿದೆ. ಹಿಂದಿನ ಮುಚ್ಚಳ ತೆಗೆಯೋಕೆ ಅರ್ಧ ಗಂಟೆ ಆಯಿತು. ನಾಲಿಗೆ ಹೊರಗೆ ಚಾಚಿ, ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದ. ಒಳಗೆ ಬಿಳೀ ಚಕ್ರಗಳು, ತಾಮ್ರದ ತಂತಿ ಸುತ್ತಿದ ಒಂದು ಸುರುಳಿ. "ಇದನ್ನ ಯಾರು ತಳ್ತಾರೆ ತಾತ?" ಅಂದ.

ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅಂದು ರಾತ್ರಿ ಓದಿಕೊಂಡೆ. ಒಳಗಿರುವ ಪುಟ್ಟ ಲೋಹದ ಕೊಳವೆಯಲ್ಲಿ ಕ್ವಾರ್ಟ್ಸ್ ಹರಳು ಇರುತ್ತದೆ. ಅದು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ ಆ ಲೆಕ್ಕವನ್ನ ಅರ್ಧ, ಮತ್ತೆ ಅರ್ಧ ಮಾಡುತ್ತಾ ಹೋಗುತ್ತದೆ. ಹದಿನೈದನೇ ಸಲಕ್ಕೆ ಸೆಕೆಂಡಿಗೆ ಒಂದು ಉಳಿಯುತ್ತದೆ, ಅದೇ ಮುಳ್ಳಿನ ಟಿಕ್. ಮಾರನೇ ದಿನ ಅಕ್ಕ ಕಾಗದ ತಗೊಂಡು ಅರ್ಧ ಮಾಡುತ್ತಾ ಕೂತಳು. 16,384, 8,192, 4,096... ತಮ್ಮ ಬೆರಳು ಮಡಚಿ ಎಣಿಸಿದ. ಬೆರಳು ಸಾಲದೆ ಕಾಲಿನ ಬೆರಳಿಗೆ ಬಂದ. ಕೊನೆಗೆ ಸರಿಯಾಗಿ 1 ಬಂದಾಗ ಇಬ್ಬರೂ ಕೂಗಿದ್ದನ್ನ ನೀವು ಕೇಳಬೇಕಿತ್ತು.

ಗಡಿಯಾರ ಮತ್ತೆ ಓಡಲಿಲ್ಲ, ಅದು ಬೇರೆ ಮಾತು. ಬಿಚ್ಚೋಕೆ ಕೊಡುವ ವಸ್ತು ಯಾವುದು ಅನ್ನೋದರ ಮೇಲೆ ಮಾತ್ರ ಗಮನ ಇರಲಿ. ಪ್ಲಗ್ಗಿಗೆ ಹಾಕುವಂಥದ್ದು ಬೇಡವೇ ಬೇಡ, ಹಳೇ ಟೀವಿ ಅಂತೂ ಮುಟ್ಟಲೇಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ. ನಾಣ್ಯದ ಥರದ ಪುಟ್ಟ ಬ್ಯಾಟರಿ ಇರುವಂಥದ್ದೂ ಬೇಡ. ಮಗು ಅದನ್ನ ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ. ನಿಮ್ಮನೇಲಿ ಒಂದೂವರೆ ವರ್ಷದ್ದು ಓಡಾಡ್ತಿದೆ ಅಲ್ವಾ, ಅದಕ್ಕೇ ಒತ್ತಿ ಹೇಳ್ತಿದ್ದೀನಿ.

ನನ್ನ ಹೆಂಡತಿ ಇದೇ ಥರ ಸೂಜಿ, ದಾರ, ಬಣ್ಣಬಣ್ಣದ ಗುಂಡಿಗಳ ಒಂದು ಡಬ್ಬ ಕೊಟ್ಟಳು. ಮೊಮ್ಮಗಳು ಈಗ ಮನೆಯವರೆಲ್ಲರ ಕಿತ್ತುಹೋದ ಗುಂಡಿ ಹಾಕಿಕೊಡುತ್ತಾಳೆ. ನನ್ನ ನೀಲಿ ಅಂಗಿಗೆ ಒಂದು ಕೆಂಪು ಗುಂಡಿ ಇದೆ. ಹಾಗೇ ಹಾಕಿಕೊಂಡು ಓಡಾಡ್ತೀನಿ.

ಬೈನಾಕ್ಯುಲರ್ ಕೂಡ ಒಳ್ಳೇ ಉಡುಗೊರೆ. ಆದರೆ ಅಂಗಡಿಯವರು ದೊಡ್ಡದು ಕೊಟ್ಟು ಕಳಿಸ್ತಾರೆ, ಜೋಪಾನ. ಮಕ್ಕಳ ಎರಡು ಕಣ್ಣಿನ ನಡುವಿನ ಅಂತರ ಕಡಿಮೆ. ದೊಡ್ಡವರ ಬೈನಾಕ್ಯುಲರನ್ನ ಎಷ್ಟು ಮಡಚಿದರೂ ಕೆಲವು ಅವರ ಕಣ್ಣಿಗೆ ಕೂರಲ್ಲ. ಮಗುವಿನ ಕಣ್ಣಿಗೇ ಇಟ್ಟು ನೋಡಿ ತಗೊಳ್ಳಿ. ಆರು ಪಟ್ಟು ಅಥವಾ ಎಂಟು ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು, ಅದಕ್ಕಿಂತ ಜಾಸ್ತಿ ಆದರೆ ಕೈ ನಡುಗಿ ಏನೂ ಕಾಣಲ್ಲ. ಚಂದ್ರನನ್ನ ಹುಣ್ಣಿಮೆ ದಿನ ತೋರಿಸಬೇಡಿ, ಸುಮ್ನೆ ಬೆಳ್ಳಗೆ ಕಾಣುತ್ತದೆ. ಅರ್ಧ ಚಂದ್ರ ಇದ್ದಾಗ ಬೆಳಕು ಕತ್ತಲೆ ಸೇರುವ ಗೆರೆಯ ಹತ್ತಿರ ಕುಳಿಗಳ ನೆರಳು ಬಿದ್ದು ಚೆನ್ನಾಗಿ ಕಾಣುತ್ತದೆ. ಮೊಣಕೈ ಗೋಡೆಗೆ ಊರಿ ಹಿಡಿದರೆ ಗುರು ಗ್ರಹದ ಪಕ್ಕ ಸಾಲಾಗಿ ಪುಟ್ಟ ಚುಕ್ಕೆಗಳು ಕಾಣುತ್ತವೆ. 1610ರಲ್ಲಿ ಗೆಲಿಲಿಯೊ ನೋಡಿದ್ದ ನಾಲ್ಕು ಚಂದ್ರರು ಅವೇ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬಾರದು, ಇದನ್ನ ಕೊಡುವ ಮೊದಲೇ ಹೇಳಿ.

ಆ ಬೈನಾಕ್ಯುಲರಿನ ಚೀಲದೊಳಗೆ ಒಂದು ಚೀಟಿ ಇಟ್ಟಿದ್ದೀನಿ. 1986ರಲ್ಲಿ ನಾನು ಹ್ಯಾಲಿ ಧೂಮಕೇತು ನೋಡಿದ್ದೆ. ಎಲ್ಲರೂ ಹೊಗಳಿದಷ್ಟೇನೂ ಇರಲಿಲ್ಲ, ಮಸುಕಾದ ಹತ್ತಿಯ ಉಂಡೆ ಥರ ಇತ್ತು. ಅದು ಮತ್ತೆ ಸೂರ್ಯನ ಹತ್ತಿರ ಬರೋದು 2061ರ ಜುಲೈನಲ್ಲಿ. ಆಗ ಮೊಮ್ಮಗಳಿಗೆ ನಲವತ್ತೈದರ ಆಸುಪಾಸು. "ಈ ಸಲ ಹೇಗಿತ್ತು ಅಂತ ನಮ್ಮ ಪುಸ್ತಕದಲ್ಲಿ ಬರಿ" ಅಂತ ಚೀಟಿಯಲ್ಲಿದೆ. ಅವಳು ಓದಿ, ನನಗೆ ಆಗ ಎಷ್ಟು ವಯಸ್ಸು ಅಂತ ಲೆಕ್ಕ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ನಿನ್ನ ಪುಟ ಖಾಲಿ ಬಿಡ್ತೀನಿ" ಅಂದಳು.

ಹಳೇ ವಸ್ತು ಕೊಡುವಾಗ ಆತುರ ಬೇಡ. ನನ್ನ ಅಪ್ಪನ ಶಾಯಿ ಪೆನ್ನನ್ನ ಮೊಮ್ಮಗಳಿಗೆ ಆರು ವರ್ಷ ಇದ್ದಾಗಲೇ ಕೈಗೆ ಕೊಟ್ಟೆ. ಸಂಜೆಯೊಳಗೆ ನಿಬ್ಬು ಕವಲೊಡೆದಿತ್ತು. ಬೈಯೋಕೂ ಆಗಲ್ಲ, ತಪ್ಪು ನನ್ನದೇ. ಈಗ ಬೇರೆ ದಾರಿ ಹಿಡಿದಿದ್ದೀನಿ. ಅಪ್ಪನ ಕೈಗಡಿಯಾರ ಮೊಮ್ಮಗನದು ಅಂತ ಚೀಟಿ ಬರೆದಾಗಿದೆ, ಆದರೆ ಇರೋದು ನನ್ನ ಬೀರುವಿನಲ್ಲಿ. ಬಂದಾಗಲೆಲ್ಲ ಹೊರಗೆ ತೆಗೆದು ಕೀ ಕೊಡೋದು ಅವನ ಕೆಲಸ.

ಫೋಟೋ ಆಲ್ಬಮ್ ಕೊಡ್ತೀರಾದರೆ ಯಾರು ಯಾರು ಅಂತ ಬರೆದು ಕೊಡಿ. ಹಿಂಬದಿಯಲ್ಲಿ ಮೆತ್ತಗಿನ ಪೆನ್ಸಿಲ್ಲಿನಲ್ಲಿ, ಒತ್ತದೆ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಗೆರೆ ಮುಂದಕ್ಕೆ ಮೂಡುತ್ತದೆ. ನುಣುಪು ಕಾಗದದ ಮೇಲೆ ಪೆನ್ಸಿಲ್ ಹತ್ತಲ್ಲ, ಅಂಥದಕ್ಕೆ ಜತೆಗೊಂದು ಚೀಟಿ ಸಾಕು. ನಮ್ಮನೇಲಿ ಒಂದು ಫೋಟೋ ಇದೆ, ಹನ್ನೊಂದು ಜನ ನಿಂತಿದ್ದಾರೆ. ಅದರಲ್ಲಿ ಐದು ಜನ ಯಾರು ಅಂತ ಹೇಳೋರು ಈಗ ಯಾರೂ ಉಳಿದಿಲ್ಲ.

ದುಡ್ಡು ಕೊಡೋದು ತಪ್ಪೇನಲ್ಲ. ಮಗುವಿನ ಹೆಸರಲ್ಲಿ ಇಟ್ಟು, ಬಡ್ಡಿ ಮೇಲೆ ಬಡ್ಡಿ ಹೇಗೆ ಬೆಳೆಯುತ್ತೆ ಅಂತ ವರ್ಷಕ್ಕೊಮ್ಮೆ ತೋರಿಸಿ. 72ನ್ನ ಬಡ್ಡಿ ದರದಿಂದ ಭಾಗಿಸಿದರೆ ಹಣ ಸುಮಾರು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತೆ ಅಂತ ಗೊತ್ತಾಗುತ್ತದೆ. ನೂರಕ್ಕೆ ಆರಾದರೆ ಹನ್ನೆರಡು ವರ್ಷ. ಅಪ್ಪ ಅಮ್ಮನನ್ನ ಕೇಳಿಯೇ ಮಾಡಿ. ನಾಯಿಮರಿ, ಡ್ರಮ್ಮು, ಇವಕ್ಕಂತೂ ಎರಡು ಸಲ ಕೇಳಿ.

ಈಗ ನಿಮ್ಮ ಒಂದೂವರೆ ವರ್ಷದ ಮೊಮ್ಮಗ. ಮೂರು ವರ್ಷಕ್ಕಿಂತ ಮುಂಚಿನದು ನಮ್ಮಲ್ಲಿ ಹೆಚ್ಚಿನವರಿಗೆ ನೆನಪೇ ಇರಲ್ಲ. ಈಗ ಏನು ಕೊಟ್ಟರೂ ಅವನಿಗೆ ಅದು ನಿಮ್ಮ ನೆನಪಾಗಿ ಉಳಿಯೋದು ಕಷ್ಟ. ಹಾಗಾಗಿ ಅವನಿಗೆ ಮುಂದೆ ಸಿಗುವಂಥದ್ದು ಮಾಡಿಡಿ. ನಿಮ್ಮ ಧ್ವನಿ ರೆಕಾರ್ಡ್ ಮಾಡಿ. ಜೀವನ ಚರಿತ್ರೆ ಬೇಡ. ಅವನನ್ನ ಮಲಗಿಸುವಾಗ ಗುನುಗುವುದು, ಅವನ ಹೆಸರು ಕೂಗುವ ರೀತಿ, ನಿಮ್ಮಿಬ್ಬರ ಸಣ್ಣ ಜಗಳ ಕೂಡ ಇರಲಿ. ಶುರುವಿನಲ್ಲಿ ತಾರೀಖು ಮತ್ತೆ ಯಾರು ಮಾತಾಡ್ತಿರೋದು ಅಂತ ಹೇಳಿ. ಬರೀ ವಾಟ್ಸಾಪಿನಲ್ಲಿ ಬಿಡಬೇಡಿ, ಫೋನ್ ಹೋದರೆ ಎಲ್ಲಾ ಹೋಯ್ತು. ಮೂರು ಕಡೆ ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೇಲಿ. ನನ್ನ ಅಮ್ಮನ ಫೋಟೋ ಇಪ್ಪತ್ತಾದರೂ ಇವೆ. ಧ್ವನಿ ಒಂದೂ ಇಲ್ಲ.

ಎತ್ತರ ಗುರುತು ಹಾಕೋದೂ ಈ ವಯಸ್ಸಿಗೆ ಒಳ್ಳೇದು. ಆದರೆ ಗೋಡೆ ಮೇಲೆ ಬೇಡ. ಮನೆ ಬದಲಾಗುತ್ತೆ, ಸುಣ್ಣಬಣ್ಣ ಆಗುತ್ತೆ. ಉದ್ದನೆಯ ಮರದ ಹಲಗೆಯ ಮೇಲೆ ಹಾಕಿದರೆ ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು. ಅಪ್ಪನ ಹಳೇ ಅಳತೆ ಗೊತ್ತಿದ್ದರೆ ಅದನ್ನೂ ಪಕ್ಕದಲ್ಲೇ ಗುರುತು ಮಾಡಿ.

ಆರು ವರ್ಷದವಳಿಗೆ ನಾನಾಗಿದ್ದರೆ ನೋಟ್ ಪುಸ್ತಕದಿಂದಲೇ ಶುರು ಮಾಡ್ತಿದ್ದೆ. ಬರೆಯೋಕೆ ಬರಲ್ಲ ಅಂದರೆ ಚಿತ್ರ ಬರೀಲಿ, ಅಮ್ಮ ಅವಳ ಮಾತು ಕೇಳಿ ಬರೆದುಕೊಡಲಿ. ಮೊದಲ ಪುಟದಲ್ಲಿ ಏನು ಬರೀಬೇಕು ಅಂತ ಹೊಳೀದಿದ್ರೆ ಚಿಕ್ಕಂದಿನಲ್ಲಿ ನೀವು ಮಾಡಿದ ಒಂದು ತಪ್ಪು ಬರೀರಿ. ನಾನು, ಅಣ್ಣನ ಕೊಡೆ ಮುರಿದು ತಪ್ಪನ್ನ ಗಾಳಿ ಮೇಲೆ ಹಾಕಿದ್ದನ್ನ ಬರೆದಿದ್ದೆ. ಅವಳ ಪುಟದಲ್ಲಿ ಬಂದದ್ದು ಒಂದೇ ಸಾಲು: "ಅಷ್ಟೇನಾ? ಇನ್ನೂ ಇದ್ರೆ ಹೇಳು."